ಅಕ್ಕನ ಕಂಪ್ಯೂಟರ್ ಬಿಚ್ಚಿದ ಮೇಲೆ

ಅವನಿಗೆ ಗುಂಡಿ ಡಾಕ್ಟ್ರು ಅಂತ ಹೆಸರು ಬಿದ್ದು ಇಪ್ಪತ್ತು ವರ್ಷದ ಮೇಲಾಗಿತ್ತು. ಬೋರ್ಡಿನ ಮೇಲೂ ಅದನ್ನೇ ಬರೆಸಿದ್ದ. ಒಮ್ಮೆ ಯಾರೋ ಫೋನು ಮಾಡಿ, ನಮ್ಮ ಮನೆ ಮುಂದಿನ ರಸ್ತೆಯಲ್ಲಿ ಮೊಣಕಾಲುದ್ದದ ಗುಂಡಿ ಬಿದ್ದಿದೆ, ಯಾವಾಗ ಬಂದು ಮುಚ್ಚುತ್ತೀರಿ ಅಂತ ದಬಾಯಿಸಿದ್ದರು. ಅವನ ಹೆಂಡತಿ ಆ ಕಥೆಯನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಅವನು ನೋಡುತ್ತಿದ್ದ ಗುಂಡಿಗಳೇ ಬೇರೆ. ನಲವತ್ತು ವರ್ಷದ ಹಿಂದೆ ಜನ ಮನೆಯ ಟೀವಿಗೆ ಸಿಕ್ಕಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಮು ಓಡಿಸುತ್ತಿದ್ದ ಪುಟ್ಟ ಕಂಪ್ಯೂಟರುಗಳಿದ್ದವಲ್ಲ, ಕೀಬೋರ್ಡೂ ಕಂಪ್ಯೂಟರೂ ಒಂದೇ ಡಬ್ಬಿಯಲ್ಲಿರುತ್ತಿದ್ದಂಥವು, ಅವುಗಳ ಗುಂಡಿ. ಆ ಡಬ್ಬಿಗಳಲ್ಲಿ ಮೊದಲು ಕೈಕೊಡುವುದು ಕೀಬೋರ್ಡೇ. ಗುಂಡಿಗಳ ಕೆಳಗೆ ಒಂದು ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕರೆಂಟು ಹರಿಯುವ ಗೆರೆಗಳು, ಹಾಳೆಯ ಎರಡು ತುದಿಯಲ್ಲಿ ಎರಡು ಬಾಲ. ವರ್ಷಗಳು ಉರುಳಿದಂತೆ ಬಾಲ ಒಣಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಒಂದು ಬಾಲ ಮುರಿದರೆ ಆ ಕಡೆಯ ಅರ್ಧ ಕೀಬೋರ್ಡು ಸತ್ತ ಹಾಗೆ. ಕೆಲವು ಮಾದರಿಗಳಿಗೆ ಹೊಸ ಹಾಳೆ ತಯಾರಿಸುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಉಳಿದವಕ್ಕೆ ಗುಜರಿಯೇ ಗತಿ. ದರ್ಜಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಮೆಟ್ಟಿಲ ಕೆಳಗಿದ್ದ ಅವನ ಗೂಡಿನಲ್ಲಿ ಜಾಮು ಬಾಟಲಿಗಳ ತುಂಬ ಗುಂಡಿಗಳಿದ್ದವು. ಹಾಳೆಗಳು ಮಾತ್ರ ಬೆರಳೆಣಿಕೆಯಷ್ಟು.

ಈ ಹುಚ್ಚು ಹಿಡಿಸಿದವಳು ಅವನ ಅಕ್ಕ. ಅವನಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು, ಟೆಲಿಫೋನ್ ಕಚೇರಿಯಲ್ಲಿ ಆಪರೇಟರು. ಮನೆಯವರೆಲ್ಲ ಫ್ರಿಜ್ಜು ತರುತ್ತಾಳೆ ಅಂತ ಕಾದು ಕೂತಿದ್ದರೆ ಕಂಪ್ಯೂಟರು ತಂದಳು. ಇದರಲ್ಲಿ ಹಾಲು ಇಡೋಕಾಗತ್ತಾ ಅಂತ ಅಪ್ಪ ಕೇಳಿದ್ದರು. ಸಂಜೆ ಕೆಲಸದಿಂದ ಬಂದವಳು ಪುಸ್ತಕ ನೋಡಿ ಪ್ರೋಗ್ರಾಮು ಟೈಪು ಮಾಡುವಳು, ಸಾಲು ತಪ್ಪದ ಹಾಗೆ ಓದಿಹೇಳುವುದು ಇವನ ಕೆಲಸ. ಒಂದು ದಿನ ಬೆಸುಗೆ ಹಾಕುವ ಕಡ್ಡಿಯನ್ನು ಇವನು ಕೀಬೋರ್ಡಿನ ಮೇಲಿಟ್ಟು ಒಂದು ಗುಂಡಿ ಕರಗಿಸಿಬಿಟ್ಟ. ಅಪ್ಪನ ಮುಂದೆ ಅಕ್ಕ, ನನ್ನ ಕೈತಪ್ಪು ಅಂದಳು. ಆಮೇಲೂ ಅದನ್ನು ಎತ್ತಿ ಆಡಲಿಲ್ಲ.

ಮದುವೆಯಾಗಿ ಹೋದಾಗ ಕಂಪ್ಯೂಟರೂ ಅವಳ ಜೊತೆ ಹೋಯಿತು. ಮಕ್ಕಳು, ಸಂಸಾರ, ನಿವೃತ್ತಿ ಎಲ್ಲ ಆಗುವ ಹೊತ್ತಿಗೆ ಅದು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬೀರುವಿನ ಮೇಲೆ ಕೂತಿತ್ತು.

ತಪ್ಪು ನಡೆದದ್ದು ಹೀಗೆ. ಬ್ಯಾಂಕಿನಿಂದ ನಿವೃತ್ತರಾದ ಅಧಿಕಾರಿಯೊಬ್ಬರು ಹಳೇ ಕಂಪ್ಯೂಟರುಗಳನ್ನು ಕೂಡಿಹಾಕಿ ಗಾಜಿನ ಕಪಾಟಿನಲ್ಲಿಟ್ಟಿದ್ದರು. ಅವೆಲ್ಲವನ್ನೂ ಒಂದು ಪ್ರದರ್ಶನದಲ್ಲಿ ಓಡಿಸಿ ತೋರಿಸಬೇಕಿತ್ತು. ಅದರಲ್ಲಿ ಒಂದರ ಬಲಗಡೆಯ ಬಾಲ ಮುರಿದಿತ್ತು, ಅದೂ ಅಕ್ಕನ ಕಂಪ್ಯೂಟರಿನದೇ ಮಾದರಿ. ಅಧಿಕಾರಿ, ನಿಮ್ಮ ಕೈಲಿ ಆಗಲ್ಲ ಅಂದರೆ ಇನ್ಯಾರ ಕೈಲೂ ಆಗಲ್ಲ ಬಿಡಿ ಅಂದರು. ಆ ಮಾತಿಗೆ ಇವನು ಉಬ್ಬಿಹೋದ. ಮಾಡಿಕೊಡುತ್ತೇನೆ ಅಂತ ಮಾತು ಕೊಟ್ಟ. ಊರೆಲ್ಲ ಹುಡುಕಿದರೂ ಹಾಳೆ ಸಿಗಲಿಲ್ಲ. ಇನ್ನು ನಾಲ್ಕು ದಿನ ಅನ್ನುವಾಗ ಅಕ್ಕನ ಮನೆಗೆ ಹೋಗಿ, ನಿನ್ನ ಕಂಪ್ಯೂಟರು ಧೂಳು ತಿಂತಾ ಇದೆ, ಕ್ಲೀನ್ ಮಾಡಿ ತರ್ತೀನಿ ಅಂದ. ಅಂಗಡಿಯಲ್ಲಿ ಬಿಚ್ಚಿದ. ಒಳಗಿನ ಹಾಳೆ ನಿನ್ನೆ ಹಾಕಿದ ಹಾಗಿತ್ತು. ತೆಗೆದ. ಅದರ ಜಾಗಕ್ಕೆ ಅಧಿಕಾರಿಯ ಮುರಿದ ಹಾಳೆ ಹಾಕಿ, ಮೇಲೆ ಅಕ್ಕನ ಗುಂಡಿಗಳನ್ನೇ ಕೂರಿಸಿ, ಡಬ್ಬಿ ಮುಚ್ಚಿದ. ಬೇರೆ ಹಾಳೆ ಸಿಕ್ಕ ದಿನ ತಂದು ಹಾಕಿದರಾಯಿತು, ಅಲ್ಲಿಯವರೆಗೆ ಅದನ್ನು ಮುಟ್ಟುವವರು ಯಾರು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಕ್ಕನಿಗೆ, ಎಲ್ಲಾ ಸರಿ ಇದೆ, ಹೊಸದರ ಹಾಗಿದೆ ಅಂದ. ಪ್ರದರ್ಶನದಲ್ಲಿ ಚಪ್ಪಾಳೆ ಬಿತ್ತು. ಬೇರೆ ಹಾಳೆಯ ಮಾತು ತಲೆಯಿಂದ ಹಾರಿಹೋಯಿತು.

ಏಳು ತಿಂಗಳ ಮೇಲೆ ಅಕ್ಕನಿಗೆ ಲಕ್ವ ಹೊಡೆಯಿತು. ಜೀವಕ್ಕೇನೂ ಆಗಲಿಲ್ಲ, ಮಾತೂ ಹೋಗಲಿಲ್ಲ, ಬಲಗೈ ಮಾತ್ರ ಬಿದ್ದುಹೋಯಿತು. ಮೂರು ವಾರಕ್ಕೆ ಬೆರಳುಗಳು ಅಲ್ಪಸ್ವಲ್ಪ ಮಿಸುಕಾಡತೊಡಗಿದವು. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಹೆಂಗಸು, ನಿಮಗೆ ಇಷ್ಟವಾದ ಕೆಲಸವನ್ನೇ ಬೆರಳಿಗೆ ಕೊಡಿ, ಮೊದಲ ಕೆಲವು ತಿಂಗಳು ಬಂಗಾರದಂಥವು ಅಂದಳು. ಅಕ್ಕ ಭಾವನಿಗೆ ಹೇಳಿ ಬೀರುವಿನ ಮೇಲಿನ ಕಂಪ್ಯೂಟರು ಇಳಿಸಿ, ಟೀವಿಗೆ ಸಿಕ್ಕಿಸಿದಳು.

ಇವನಿಗೆ ಇದು ಗೊತ್ತಾದದ್ದು ಹತ್ತು ದಿನದ ಮೇಲೆ, ಅವಳನ್ನು ನೋಡಲು ಹೋದಾಗ. ಅಕ್ಕ ಮಲಗಿದ್ದಳು. ಭಾವ ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು. ದಿನವೂ ಒಂದು ಗಂಟೆ ಕೂತು ಒತ್ತುತ್ತಾಳಂತೆ. ಎಡಗೈಯದೆಲ್ಲ ಪರದೆಯ ಮೇಲೆ ಮೂಡುತ್ತದೆ, ಬಲಗೈಯದು ಒಂದಕ್ಷರವೂ ಮೂಡುವುದಿಲ್ಲ. ಈಗ ಎರಡು ದಿನದಿಂದ ಕೂತೇ ಇಲ್ಲ. ಚೆಂಡು ಹಿಸುಕುವುದನ್ನೂ ಬಿಟ್ಟಿದ್ದಾಳೆ. ಇಷ್ಟು ವರ್ಷ ಬಳಸಿದ ಪೆನ್ನನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು.

ಏನಾಗಿದೆ ಅಂತ ಇವನಿಗೆ ಕೂಡಲೇ ಗೊತ್ತಾಯಿತು. ಟೈಪಿಂಗು ಶಾಸ್ತ್ರಬದ್ಧವಾಗಿ ಕಲಿತವಳು ಅಕ್ಕ. ಅವಳ ಎಡಗೈ ಬಲಗಡೆಯ ಗುಂಡಿಗಳತ್ತ ದಾಟಿ ಹೋಗುವುದೇ ಇಲ್ಲ. ಭಾವ ಅದನ್ನು ಮುಟ್ಟಿದವರೇ ಅಲ್ಲ. ಬಲಗಡೆ ಸತ್ತಿದ್ದು ಕೀಬೋರ್ಡು ಅಂತ ಆ ಮನೆಯಲ್ಲಿ ಯಾರಿಗೂ ಹೊಳೆಯುವ ಹಾಗಿರಲಿಲ್ಲ.

ಅಕ್ಕನಿಗೆ ಎಚ್ಚರವಾದಾಗ ಹೋಗಿ ಹಾಸಿಗೆಯ ಅಂಚಿನಲ್ಲಿ ಕೂತ. "ಕಂಪ್ಯೂಟರಿಂದೇ ಏನೋ ತೊಂದರೆ ಇರಬಹುದು ಅಕ್ಕ" ಅಂದ.

"ನೀನೇ ತಾನೇ ಕ್ಲೀನ್ ಮಾಡಿ, ಎಲ್ಲಾ ಸರಿ ಇದೆ ಅಂತ ತಂದುಕೊಟ್ಟಿದ್ದು? ನೀನು ನೋಡಿದ ಮೇಲೆ ಅದರಲ್ಲಿ ತೊಂದರೆ ಇರಲ್ಲ. ಕೈಯೇ ಹೋಗಿದೆ ಬಿಡು."

ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮೊದಲು ಹಾಳೆ ಹುಡುಕಿ ತಂದು, ಸದ್ದಿಲ್ಲದೆ ಹಾಕಿ, ಆಮೇಲೆ ನೋಡೋಣ ಅಂದುಕೊಂಡು ಎದ್ದು ಬಂದ. ಆ ಒಂದು ಸಂಜೆಯ ಹೇಡಿತನ ಹದಿನಾರು ದಿನ ನುಂಗಿತು.

ಗುಜರಿ ಅಂಗಡಿಗಳನ್ನು ಸೋಸಿದ. ಮುಚ್ಚಿಹೋದ ಟೈಪಿಂಗ್ ಶಾಲೆಯ ಉಗ್ರಾಣದಲ್ಲಿ ಇಲಿ ಹಿಕ್ಕೆಯ ನಡುವೆ ಆ ಮಾದರಿಯ ಮೂರು ಸಿಕ್ಕವು, ಮೂರರ ಬಾಲವೂ ಕೈಯಲ್ಲೇ ಪುಡಿಯಾಯಿತು. ಸ್ವೆಟರು ಹೆಣೆಯುವ ಕಾರ್ಖಾನೆಯೊಂದರಲ್ಲಿ ಇನ್ನೂ ಅದೇ ಕಂಪ್ಯೂಟರು ವಿನ್ಯಾಸ ಓಡಿಸುತ್ತಿದೆ ಅಂತ ಕೇಳಿ ಅಲ್ಲಿಗೂ ಓಡಿದ. ಒಡತಿ, ಇದನ್ನು ಕೊಟ್ಟರೆ ನನ್ನ ಹನ್ನೊಂದು ಜನ ಹೆಂಗಸರು ಕೈಕಟ್ಟಿ ಕೂರಬೇಕು ಸ್ವಾಮಿ ಅಂದಳು. ಹೇಗಾದರೂ ತೆಗೆದುಕೊಳ್ಳೋಣ ಅನ್ನುವ ಆಸೆ ಒಂದು ಗಳಿಗೆ ಮನಸ್ಸಿನಲ್ಲಿ ಇಣುಕಿತು. ಇಣುಕಿದ್ದು ಕಂಡು ಅವನಿಗೇ ಹೇಸಿಗೆಯಾಯಿತು. ಮನೆಯಲ್ಲಿ ಹೆಂಡತಿ, ಯಾಕೆ ಅನ್ನ ಸೇರ್ತಿಲ್ಲ ಅಂತ ಎರಡು ಸಲ ಕೇಳಿದಳು. ಮೂರನೇ ಸಲ ಕೇಳಿದಾಗ ಎಲ್ಲ ಹೇಳಿದ. ಅವಳು, "ಹಾಳೆ ಎಲ್ಲಿದೆ ಅಂತ ನಿಮಗೆ ಮೊದಲ ದಿನದಿಂದ ಗೊತ್ತಲ್ಲ" ಅಂದಳು.

ಮರುದಿನ ಬೆಳಿಗ್ಗೆ ಅಧಿಕಾರಿಯ ಮನೆಗೆ ಹೋದ. ಗಾಜಿನ ಕಪಾಟಿನ ಮುಂದೆ ನಿಂತುಕೊಂಡೇ ನಡೆದದ್ದನ್ನೆಲ್ಲ ಒಪ್ಪಿಸಿದ. ಹಾಳೆ ಯಾರೋ ಬಿಸಾಡಿದ ಕಂಪ್ಯೂಟರಿನದು ಅಂದಿದ್ದಿರಲ್ಲ ಅಂತ ಅವರು ಕೇಳಿದರು. ಸುಳ್ಳು ಹೇಳಿದೆ ಅಂದ. ಅವರು ಬೈಯಲಿಲ್ಲ. ಕಂಪ್ಯೂಟರು ತೆಗೆದು ಮೇಜಿನ ಮೇಲಿಟ್ಟು, ನಿಮ್ಮದನ್ನು ನೀವೇ ಬಿಚ್ಚಿಕೊಳ್ಳಿ ಅಂದರು. ಬಿಚ್ಚುವಷ್ಟು ಹೊತ್ತೂ ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಹೊರಡುವಾಗ, ನಿಮ್ಮ ಅಂಗಡಿಯಲ್ಲಿರುವ ನನ್ನ ಉಳಿದೆರಡು ಕಂಪ್ಯೂಟರುಗಳನ್ನು ಕಳಿಸಿಕೊಡಿ, ರಿಪೇರಿ ಬೇಡ ಅಂದರು.

ಅಕ್ಕನ ಮನೆಯಲ್ಲಿ, ಅವಳು ಗೋಡೆ ಕಡೆ ತಿರುಗಿ ಮಲಗಿರುವಾಗಲೇ, ಒಂದು ಸಲ ನೋಡ್ತೀನಿ ಅಂತ ಹೇಳಿ ಹಾಳೆ ಬದಲಿಸಿದ. ಕರೆದರೆ ಅಕ್ಕ ಬರಲ್ಲ ಅಂದಳು. ಭಾವ ಬಲವಂತ ಮಾಡಿ ಕೂರಿಸಿದರು. ಅವಳ ಬಲಗೈಯನ್ನು ಇವನೇ ಎತ್ತಿ ಗುಂಡಿಗಳ ಮೇಲಿಟ್ಟ. ತೋರುಬೆರಳು ಒತ್ತಿತು. ಪರದೆಯ ಮೇಲೆ ಅಕ್ಷರ ಬಂತು. ಇನ್ನೊಮ್ಮೆ ಒತ್ತಿದಳು, ಇನ್ನೊಂದು ಬಂತು. ಅಕ್ಕನ ಮುಖ ಅರಳಿದ್ದನ್ನು ಅವನು ನೋಡಿದ. "ರೀ, ಇಲ್ಲಿ ನೋಡ್ರೀ, ಕೈ ಬಂತು" ಅಂತ ಭಾವನ ಕಡೆ ತಿರುಗಿದಳು.

ಅಲ್ಲಿಗೇ ಬಿಟ್ಟಿದ್ದರೆ ಎಲ್ಲರೂ ಸಂತೋಷದಿಂದ ಊಟಕ್ಕೆ ಏಳುತ್ತಿದ್ದರು. ಆದರೆ ಅವನಿಗೆ ಅವಳ ಆ ನಗು ತಡೆಯಲಾಗಲಿಲ್ಲ.

"ಅಕ್ಕ, ಕೈ ಈಗ ಬಂದಿದ್ದಲ್ಲ. ನಿನ್ನ ಹಾಳೆ ನಾನು ತೆಗೆದು ಬೇರೆಯವರಿಗೆ ಕೊಟ್ಟಿದ್ದೆ. ಮುರಿದಿರೋದನ್ನ ಇದಕ್ಕೆ ಹಾಕಿದ್ದೆ. ನೀನು ಮೊದಲ ದಿನ ಒತ್ತಿದಾಗಲೂ ಬೆರಳು ಸರಿಯಾಗೇ ಒತ್ತಿರಬೇಕು."

ಭಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕನಿಗೆ ತಕ್ಷಣ ಅರ್ಥವಾಯಿತು. ನಗು ಮುಖದ ಮೇಲೆ ಹಾಗೇ ಉಳಿದು, ನಿಧಾನವಾಗಿ ಆರಿತು.

"ಹೋದ ಸಲ ಬಂದಾಗಲೇ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಎದ್ದು ಹೋದೆ."

ಅಕ್ಕ, ಈವತ್ತು ಮನೆಗೆ ಹೋಗು ಅಂದಳು, ಅಷ್ಟೇ. ಭಾವ ಬಾಗಿಲವರೆಗೂ ಬರಲಿಲ್ಲ.

ಎರಡು ತಿಂಗಳು ಅವಳು ಅವನ ಫೋನು ಎತ್ತಲಿಲ್ಲ. ಹೆಂಡತಿಯಿಂದ ಸುದ್ದಿ ತಿಳಿಯುತ್ತಿತ್ತು. ಮತ್ತೆ ದಿನಾ ಕೂರುತ್ತಿದ್ದಾಳೆ, ಚೆಂಡೂ ಹಿಸುಕುತ್ತಾಳೆ, ಚಮಚ ಹಿಡಿಯುತ್ತಾಳೆ. ಕೊನೆಗೆ ಮೂರು ಬೆರಳು ಪೂರ್ತಿ ಬಂದವು. ಉಂಗುರದ ಬೆರಳೂ ಕಿರುಬೆರಳೂ ಬರಲಿಲ್ಲ. ಬಿಟ್ಟ ದಿನಗಳಿಂದಲೇ ಹಾಗಾಯಿತಾ ಅಂತ ಅವನು ವ್ಯಾಯಾಮದ ಹೆಂಗಸನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದ. ಆಗಿರಬಹುದು, ಇಲ್ಲದೆಯೂ ಇರಬಹುದು, ಯಾರೂ ಹೇಳೋಕಾಗಲ್ಲ ಅಂದಳು ಆಕೆ. ಹೌದು ಅಂದುಬಿಟ್ಟಿದ್ದರೇ ಹಗುರವಾಗುತ್ತಿತ್ತೇನೋ ಅಂತ ಅವನಿಗೆ ಅನಿಸಿತು.

ಮೂರನೇ ತಿಂಗಳು ಅಕ್ಕನೇ ಫೋನು ಮಾಡಿದಳು. ಕ್ಯಾಸೆಟ್ ಪ್ಲೇಯರು ಸುತ್ತುತ್ತಿಲ್ಲ, ಬಂದು ನೋಡು ಅಂದಳು. ಅರ್ಧ ಗಂಟೆಯಲ್ಲಿ ಹೋದ. ಮೊದಲೆಲ್ಲ ಅವನು ರಿಪೇರಿಗೆ ಕೂತರೆ ಅಕ್ಕ ಕಾಫಿ ಮಾಡಲು ಒಳಗೆ ಹೋಗುತ್ತಿದ್ದಳು. ಆವತ್ತು ಭಾವನಿಗೆ ಕಾಫಿ ಮಾಡಲು ಹೇಳಿ, ತಾನು ಕುರ್ಚಿ ಎಳೆದುಕೊಂಡು ಅವನ ಎದುರಿಗೇ ಕೂತಳು. ಹೊರಗೆ ಬಂದ ಒಂದೊಂದು ಭಾಗವನ್ನೂ ನೋಡಿದಳು. ಕೊನೆಯ ಸ್ಕ್ರೂ ಬಿಗಿಯಾಗುವವರೆಗೂ ಕಣ್ಣು ಕದಲಿಸಲಿಲ್ಲ. ಅವನೂ ಅವಳಿಗೆ ಕಾಣುವ ಹಾಗೆ ಎಲ್ಲವನ್ನೂ ಬೆಳಕಿಗೆ ಹಿಡಿದು, ನಿಧಾನವಾಗಿ ಜೋಡಿಸಿದ.