ಬಳೆ ತೆಗೆದಿಟ್ಟು ರೂಟರ್ ಬಿಚ್ಚಿದ್ದು

ಹುಣಸೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೊಂದು ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ನಾನು ಬಿಳಿಕೆರೆಯಿಂದ ದಿನಾ ಬಸ್ಸಿನಲ್ಲಿ ಬಂದು ಅಲ್ಲಿ ಪಾಠ ಹೇಳುತ್ತಿದ್ದೆ. ಪಿರಿಯಾಪಟ್ಟಣದಲ್ಲೂ ಕೆ.ಆರ್. ನಗರದಲ್ಲೂ ನಮ್ಮದೇ ಶಾಖೆಗಳಿದ್ದವು. ಮೂರೂ ಕಡೆಯ ಕಂಪ್ಯೂಟರುಗಳನ್ನು ಜೋಡಿಸುತ್ತಿದ್ದದ್ದು ನಮ್ಮಲ್ಲಿದ್ದ ರೂಟರ್ ಎಂಬ ಕರಿ ಡಬ್ಬ. ಹನ್ನೊಂದು ಗಂಟೆಗೆ ಎಲ್ಲರೂ ಕೂತರೆ ಸಾಕು, ಅದು ಉಸಿರುಗಟ್ಟಿ ನಿಂತುಬಿಡುತ್ತಿತ್ತು.

ಅದಕ್ಕೆ ಮೆಮೊರಿ ಸಾಲದು, ಒಳಗೆ ಸಿಕ್ಕಿಸಿರುವ ಮೆಮೊರಿ ಪಟ್ಟಿ ಬದಲಾಯಿಸಿದರೆ ಸರಿಹೋಗುತ್ತದೆ ಅಂತ ನಾನು ಆರು ತಿಂಗಳಿಂದ ಹೇಳುತ್ತಿದ್ದೆ. ನಮ್ಮ ಮುಖ್ಯಸ್ಥರು ಪ್ರತಿಸಲವೂ "ಮೈಸೂರಿಂದ ಯಾರಾದ್ರೂ ಹುಡುಗ ಬರ್ಲಿ ಬಿಡಿ ಮೇಡಂ, ನೀವ್ಯಾಕೆ ಸ್ಕ್ರೂ ಡ್ರೈವರ್ ಹಿಡೀತೀರಿ" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ಹಟ ಹಿಡಿದು ಪಟ್ಟಿ ತರಿಸಿದೆ. ಬಂದದ್ದು ಒಂದೇ ಒಂದು. ಕೆಟ್ಟರೆ ಹೆಂಗಸಿನ ಕೈಗೆ ಕೊಟ್ಟಿದ್ದಕ್ಕೇ ಹಾಗಾಯಿತು ಅನ್ನುತ್ತಾರೆ, ಆಮೇಲೆ ನನಗೆ ಬೆರಳಚ್ಚು ಕಲಿಸುವುದೊಂದೇ ಗತಿ.

ಒಂದು ಭಾನುವಾರ ಬೆಳಗ್ಗೆ, ಯಾರೂ ಇಲ್ಲದಾಗ, ಕೆಲಸಕ್ಕೆ ಕೂತೆ. ರೂಟರಿನ ಸೆಟ್ಟಿಂಗುಗಳನ್ನೆಲ್ಲ ಫ್ಲಾಪಿಗೆ ಇಳಿಸಿ, ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತೆ. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಅನ್ನುತ್ತದಲ್ಲ, ಅಷ್ಟು ಕರೆಂಟು ಸಾಕು ಈ ಪಟ್ಟಿ ಸಾಯುವುದಕ್ಕೆ. ಅದಕ್ಕೆಂದು ಎಡಗೈಗೆ ಒಂದು ಪಟ್ಟೆ ಕಟ್ಟಿ, ಅದರ ತಂತಿಯನ್ನು ಡಬ್ಬದ ಲೋಹಕ್ಕೆ ಸಿಕ್ಕಿಸಬೇಕು. ಕೈಯಲ್ಲಿ ಬಳೆ ಇರಕೂಡದು. ಎರಡೂ ಕೈಯ ಬಳೆ ತೆಗೆದು ಮೇಜಿನ ಮೇಲಿಟ್ಟೆ.

ಅಷ್ಟೊತ್ತಿಗೆ ದೊಡ್ಡವ್ವ ಬಂದರು. ಕೇಂದ್ರದ ಕಸ ಗುಡಿಸಿ ನಮಗೆಲ್ಲ ಟೀ ತಂದುಕೊಡುತ್ತಿದ್ದವರು. ನನ್ನ ಕೈ ನೋಡಿ ಪೊರಕೆ ಕೆಳಗೆ ಹಾಕಿದರು.

"ಅಯ್ಯೋ, ಮದ್ವೆಯಾಗಿ ಮೂರ್ ತಿಂಗ್ಳಾಗಿಲ್ಲ, ಕೈ ಬರಿದು ಮಾಡ್ಕಂಡು ಕುಂತಿದ್ದೀಯಲ್ಲವ್ವ! ಆಕ್ಕೋ ಬಳೆಯ!"

"ಹತ್ತು ನಿಮಿಷ ದೊಡ್ಡವ್ವ."

"ಒಂದ್ ಗಳಿಗೆನೂ ಇರಬಾರ್ದು ಕಣವ್ವ."

ಕರೆಂಟಿನ ವಿಚಾರವೆಲ್ಲ ವಿವರಿಸಿದೆ. ಜಗ್ಗಲಿಲ್ಲ. ಕೆಳಗೆ ಹೂ ಕಟ್ಟುವವಳ ಹತ್ತಿರ ಒಂದು ಗೇಣು ದಾರ ಇಸ್ಕೊಂಡು ಬಂದು, ದೇವರ ಪಟದ ಮುಂದಿದ್ದ ಅರಿಶಿನ ಹಚ್ಚಿದರು. ಬಳೆ ಬದಲಿಗೆ ಬಲಗೈಗೆ ಅದನ್ನಾದರೂ ಕಟ್ಟಿಕೊಳ್ಳಬೇಕಂತೆ. ನೀರು ಸೋಕಿಸಬೇಡಿ, ಪುಡಿ ಉದುರದ ಹಾಗೆ ಕೊಡವಿ ಅಂತ ನಾನು ರೇಗಿದೆ. ಪಾಪ, ಕಿಟಕಿಯಾಚೆ ಹಿಡಿದು ಹತ್ತು ಸಲ ಕೊಡವಿದರು. ಸರಿ ಕಟ್ಟಿ ಎಂದು ಕೈ ಚಾಚಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ತಡಿ, ಹೂವಿನೋಳ್ನ ಕರ್ಕಬತ್ತೀನಿ. ನಾನ್ ಕಟ್ಟಬಾರ್ದು. ನನ್ ಕೈ ಒಳ್ಳೇದಲ್ಲ."

ಆಗ ನೋಡಿದೆ, ಅವರ ಕೈಯಲ್ಲಿ ಒಂದೂ ಬಳೆ ಇರಲಿಲ್ಲ. ಒಂದು ವರ್ಷ ಆ ಕೈಯಿಂದಲೇ ಟೀ ಇಸ್ಕೊಂಡು ಕುಡಿದಿದ್ದೆ, ಒಂದು ದಿನವೂ ಗಮನಿಸಿರಲಿಲ್ಲ. ನಾಚಿಕೆಯಾಯಿತು. ನನಗೆ ನಾಚಿಕೆಯಾದರೂ ಹೊರಗೆ ಬರುವುದು ಸಿಟ್ಟೇ.

"ನೀವೇ ಕಟ್ಟಬೇಕು. ಇಲ್ಲದಿದ್ದರೆ ನಾನೀ ಡಬ್ಬ ಮುಟ್ಟೋದೇ ಇಲ್ಲ. ಸೋಮವಾರ ಮೈಸೂರು ಹುಡುಗ ಬಂದು ಮಾಡಲಿ!"

ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಕಟ್ಟಿದರು. ಗಂಟು ಎರಡು ಸಲ ಜಾರಿತು.

ಮುಂದಿನದ್ದು ಐದು ನಿಮಿಷದ ಕೆಲಸ. ಸ್ಕ್ರೂ ಬಿಚ್ಚಿ, ಹಳೇ ಪಟ್ಟಿಯ ಎರಡು ಪಕ್ಕದ ಕೊಂಡಿಗಳನ್ನು ಹೊರಕ್ಕೆ ಒತ್ತಿ ಎತ್ತಿದೆ. ಹೊಸದನ್ನು ಅಂಚಿನಲ್ಲೇ ಹಿಡಿದು, ಕಚ್ಚು ಕೂಡಿಸಿ, ಟಕ್ ಅನ್ನುವವರೆಗೆ ಅದುಮಿದೆ. ಮುಚ್ಚಳ ಹಾಕಿ, ಪ್ಲಗ್ ಸಿಕ್ಕಿಸಿ, ಸ್ವಿಚ್ ಒತ್ತಿದೆ. ಅದಕ್ಕೆ ಜೋಡಿಸಿದ್ದ ಕಂಪ್ಯೂಟರಿನ ಸ್ಕ್ರೀನಿನ ಮೇಲೆ ಸಾಲುಗಳು ಓಡತೊಡಗಿದವು. ದೊಡ್ಡವ್ವ ಬಾಗಿಲ ಹತ್ತಿರವೇ ನಿಂತಿದ್ದರು, ಕೈ ಎರಡನ್ನೂ ಸೆರಗಿನೊಳಗೆ ಸುತ್ತಿಕೊಂಡು. ನನಗಿಂತ ಅವರೇ ಹೆಚ್ಚು ಹೆದರಿದ್ದರು.

ಮೆಮೊರಿಯ ಲೆಕ್ಕದಲ್ಲಿ ಮೂವತ್ತೆರಡು ಇದ್ದ ಕಡೆ ಅರವತ್ತನಾಲ್ಕು ಬಂತು. ನಾನು ಕುರ್ಚಿಯಿಂದ ನೆಗೆದೇಬಿಟ್ಟೆ.

"ನಾನ್ ಕಟ್ಟಿದ್ಕೆ ಏನೂ ಕೆಡ್ಲಿಲ್ವೇನವ್ವ?" ಅಂತ ಮೆಲ್ಲಗೆ ಕೇಳಿದರು.

"ಇಲ್ಲಿ ಬನ್ನಿ ದೊಡ್ಡವ್ವ, ನೋಡಿ. ಎರಡರಷ್ಟಾಗಿದೆ."

ಅವರಿಗೆ ಓದು ಬರುತ್ತಿರಲಿಲ್ಲ. ಆದರೂ ಹತ್ತಿರ ಬಂದರು, ಸೆರಗಿನಿಂದ ಕೈ ಹೊರಗೆ ತೆಗೆದು, ಯಾವುದವ್ವ ಅದು ಎಂದು ಕೇಳಿ, ಆ ಅಂಕಿಯ ಮೇಲೆ ಬೆರಳಿಟ್ಟರು.