ಮೌನಿ ಮಾವ ತುಂಬಿದ ಬ್ಯಾಗು

ಆ ಬೀದಿಯಲ್ಲಿ ಎರಡು ಕ್ಷೌರದ ಅಂಗಡಿಗಳಿದ್ದವು. ಕ್ಷೌರದ ಜೊತೆಗೆ ಊರ ಸುದ್ದಿಯೂ ಬೇಕಾದವರು ಮೂಲೆಯ ಅಂಗಡಿಗೆ ಹೋಗುತ್ತಿದ್ದರು. ಬರೀ ಕ್ಷೌರ ಸಾಕೆನ್ನುವವರು ಮೌನಿಯ ಅಂಗಡಿಗೆ ಬರುತ್ತಿದ್ದರು. ಮೌನಿ ಎಂಬುದು ಗಿರಾಕಿಗಳು ಇಟ್ಟ ಹೆಸರು. ಕುರ್ಚಿಯಲ್ಲಿ ಕೂತವರ ಕೊರಳಿಗೆ ಬಟ್ಟೆ ಸುತ್ತಿ, ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿ, "ಯಾವಾಗ್ಲೂ ಮಾಡೋ ಹಾಗೇನಾ?" ಎಂದು ಕೇಳಿದರೆ ಮೌನಿಯ ಮಾತು ಮುಗಿಯಿತು. ಆಮೇಲೆ ಕತ್ತರಿಯದೇ ಸದ್ದು. ಆಫೀಸಿನಲ್ಲಿ ಬೈಸಿಕೊಂಡು ಬಂದವರು, ಮನೆಯ ಗಲಾಟೆಯಿಂದ ತಲೆ ಚಿಟ್ಟು ಹಿಡಿದವರು ಅಲ್ಲಿ ಕಣ್ಣು ಮುಚ್ಚಿ ನೆಮ್ಮದಿಯಾಗಿ ಕೂರುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲಂತೂ ಮೌನಿಯ ಇದ್ದಬದ್ದ ಮಾತೂ ಇಳಿದುಹೋಗಿತ್ತು.

ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರೂ ಸೊಸೆಯೂ ಇದ್ದರು. ಮಗ ಸರಕು ಹಡಗಿನಲ್ಲಿ ಅಡುಗೆಯವನು; ಒಮ್ಮೆ ಹೊರಟನೆಂದರೆ ತಿಂಗಳುಗಟ್ಟಲೆ ನೀರಿನ ಮೇಲೆಯೇ. ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಮಾವ, ಸೊಸೆ ಆಡುವ ಮಾತು ಒಂದು ಅಂಗೈಯಲ್ಲಿ ಹಿಡಿಸುವಷ್ಟು. "ಊಟ ಆಯ್ತಾ?" "ಆಯ್ತು ಮಾವ." "ಬಾಗಿಲು ಹಾಕ್ಕೋಮ್ಮ." "ಹೂಂ." ಹಾಗಂತ ಅವರ ನಡುವೆ ಮುನಿಸೇನೂ ಇರಲಿಲ್ಲ. ಇನ್ನೊಬ್ಬರಿಗೆ ಭಾರವಾಗಬಾರದೆಂಬ ಸಂಕೋಚ ಇಬ್ಬರಿಗೂ ಇತ್ತು, ಅಷ್ಟೆ.

ಬಸುರಿನ ಎಂಟನೇ ತಿಂಗಳಿನಲ್ಲಿ ಸೊಸೆಯ ಕಾಲು ಊದಿಕೊಂಡು ರಕ್ತದೊತ್ತಡ ಏರಿತು. ಕೆಲಸ ಬಿಟ್ಟು ಮಲಗಿಯೇ ಇರಬೇಕೆಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದರು. ಹೊರಗೆ ಬಂದಾಗ ನರ್ಸ್ ಒಬ್ಬಳು ಮೌನಿಯನ್ನು ತಡೆದಳು.

"ಆಸ್ಪತ್ರೆ ಬ್ಯಾಗ್ ಈಗ್ಲೇ ತುಂಬಿಟ್ಟುಬಿಡಿ. ಇವರಿಗೆ ಯಾವಾಗ ಬೇಕಾದ್ರೂ ನೋವು ಬರಬಹುದು. ಏನೇನು ಇಡಬೇಕು ಅಂತ ಮನೇಲಿ ಹೆಂಗಸರಿಗೆ ಗೊತ್ತಿರುತ್ತಲ್ಲ?"

ಮನೆಯಲ್ಲಿ ಹೆಂಗಸರೆಂದರೆ ಸೊಸೆ ಒಬ್ಬಳೇ. ಅವಳ ತಾಯಿ ಅವಳು ಶಾಲೆಯಲ್ಲಿರುವಾಗಲೇ ಹೋಗಿಬಿಟ್ಟಿದ್ದಳು. ಅಕ್ಕ ಇದ್ದದ್ದು ದೂರದ ಊರಿನಲ್ಲಿ, ಅವಳಿಗೂ ಕೈಕೂಸು ಬೇರೆ ಇತ್ತು. ಇದನ್ನೆಲ್ಲ ನರ್ಸಿಗೆ ವಿವರಿಸುವ ಗೋಜಿಗೆ ಹೋಗದೆ ಮೌನಿ ತಲೆಯಾಡಿಸಿದರು.

ಮನೆಗೆ ಬಂದವರೇ ಅಟ್ಟದಿಂದ ಮಗನ ಹಳೆಯ ಬ್ಯಾಗನ್ನು ಇಳಿಸಿ, ಒಗೆದು, ಬಿಸಿಲಿಗೆ ಹಾಕಿದರು. ಒಣಗಿದ ಮೇಲೆ ಮೇಜಿನ ಮೇಲಿಟ್ಟು ಬಾಯಿ ತೆರೆದರು. ಒಂದು ಟವೆಲ್ಲು, ಒಂದು ಸೋಪು, ಹಲ್ಲುಜ್ಜುವ ಬ್ರಷ್ಷು ಒಳಗೆ ಹೋದವು. ಮುಂದೇನೆಂದು ತೋಚಲಿಲ್ಲ. ಅಷ್ಟು ದೊಡ್ಡ ಬ್ಯಾಗಿನ ತಳದಲ್ಲಿ ಆ ಮೂರು ವಸ್ತುಗಳು ದಾರಿ ತಪ್ಪಿ ಬಂದವರಂತೆ ಕೂತಿದ್ದವು. ಸೊಸೆಯನ್ನು ಕೇಳೋಣವೆಂದರೆ ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಮೊದಲ ಹೆರಿಗೆಯವಳಿಗೆ ತಾನೇ ಏನು ಗೊತ್ತಿದ್ದೀತು?

ಮರುದಿನ ಬೆಳಿಗ್ಗೆ ಕುರ್ಚಿಯಲ್ಲಿ ಟ್ಯಾಕ್ಸಿಯವನು ಕೂತಿದ್ದ. ಕಣ್ಣು ಮುಚ್ಚಿ ಅರ್ಧ ನಿದ್ದೆಗೆ ಜಾರಿದ್ದ. ಕತ್ತರಿಯ ಸದ್ದು ನಿಂತುಹೋದದ್ದಕ್ಕೆ ಕಣ್ಣು ಬಿಟ್ಟರೆ, ಕನ್ನಡಿಯಲ್ಲಿ ಮೌನಿ ಅವನನ್ನೇ ನೋಡುತ್ತಿದ್ದರು.

"ನಿನ್ನ ಹೆಂಡ್ತಿ ಹೆರಿಗೆಗೆ ಹೋದಾಗ ಏನೇನು ತಗೊಂಡು ಹೋಗಿದ್ಲಪ್ಪ?"

ಟ್ಯಾಕ್ಸಿಯವನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಆ ಅಂಗಡಿಗೆ ಅಷ್ಟು ವರ್ಷದಿಂದ ಬರುತ್ತಿದ್ದರೂ ಅಷ್ಟುದ್ದದ ಮಾತನ್ನು ಅವನು ಕೇಳಿರಲಿಲ್ಲ. ಸಾವರಿಸಿಕೊಂಡು ಹೇಳಿದ: "ಏನು ತಗೊಂಡು ಹೋದ್ಲೋ ಗೊತ್ತಿಲ್ಲ ಅಣ್ಣ. ಏನು ಮರೆತ್ಲು ಅನ್ನೋದು ಚೆನ್ನಾಗಿ ನೆನಪಿದೆ. ಚಪ್ಪಲಿ. ಆಸ್ಪತ್ರೆ ನೆಲ ಐಸಿನ ಥರ ಇತ್ತು. ನನ್ನ ಬೂಟು ಹಾಕ್ಕೊಂಡು ಕಾರಿಡಾರಿನಲ್ಲಿ ಟಪಟಪ ಅಂತ ಓಡಾಡಿದ್ಲು. ಇವತ್ತಿಗೂ ಜಗಳ ಬಂದ್ರೆ ಆ ಬೂಟು ಹೊರಗೆ ಬರುತ್ತೆ."

ಅಂದಿನಿಂದ ಆ ಅಂಗಡಿಯಲ್ಲಿ ಮಾತು ಶುರುವಾಯಿತು. ಮೌನಿ ಎಲ್ಲರನ್ನೂ ಅದೇ ಪ್ರಶ್ನೆ ಕೇಳಿದರು, ಎಲ್ಲರೂ ಹೇಳಿದರು. ಮಾಂಸದಂಗಡಿಯವನು ಫೋನಿನ ಚಾರ್ಜರ್ ಇಲ್ಲದೆ ಪಟ್ಟ ಪಾಡನ್ನು ಹೇಳಿದ. ಬೇಕರಿಯವನು, ತನ್ನ ಹೆಂಡತಿಗೆ ಹೆರಿಗೆಯಾದ ಕೂಡಲೇ ಹಸಿವೆಂದರೆ ಹಸಿವು, ತಾನು ಮೂರು ಹೊತ್ತೂ ಬ್ರೆಡ್ಡು ಬೇಯಿಸುವವನಾದರೂ ಆಗ ಕೈಯಲ್ಲಿ ಒಂದು ಬಿಸ್ಕತ್ತೂ ಇರಲಿಲ್ಲವೆಂದು ತಲೆ ತಗ್ಗಿಸಿದ. ಮುಖಕ್ಕೆ ಸೋಪು ಹಚ್ಚಿಕೊಂಡು ಕೂತ ಗಂಡಸರು ಎಂದೂ ಯಾರೊಂದಿಗೂ ಆಡದ ಮಾತನ್ನು ಕನ್ನಡಿಗೆ ಹೇಳುತ್ತಿದ್ದರು. ಕೇಳಿದ್ದನ್ನೆಲ್ಲ ಮೌನಿ ತಲೆಯಲ್ಲಿಟ್ಟುಕೊಂಡು ಸಂಜೆ ಬ್ಯಾಗಿಗೆ ಇಳಿಸುತ್ತಿದ್ದರು.

ಶಾಲೆಯ ಹೆಡ್‌ಮಾಸ್ಟರು ಬಂದಾಗ ಇನ್ನೊಂದು ಮೋಜಾಯಿತು. ಅವರು ಯೋಚಿಸಿ ಯೋಚಿಸಿ ಸೋತು, ಕುರ್ಚಿಯಲ್ಲಿ ಕೂತಲ್ಲಿಂದಲೇ ಮನೆಗೆ ಫೋನು ಮಾಡಿದರು.

"ಏನೇ, ನೀನು ಹೆರಿಗೆಗೆ ಸೇರಿದಾಗ ನಾನು ಏನು ತರೋದು ಮರೆತಿದ್ದೆ?"

"ನೀವು ಬರೋದನ್ನೇ ಮರೆತಿದ್ರಿ," ಎಂಬ ಉತ್ತರ ಅಂಗಡಿಗೆಲ್ಲ ಕೇಳಿಸಿತು. ಕಾಯುತ್ತಿದ್ದವರು ಪೇಪರಿನಲ್ಲಿ ಮುಖ ಮರೆಸಿಕೊಂಡರು. ಯಾಕೆ ಕೇಳುತ್ತಿದ್ದೇನೆಂದು ಹೆಡ್‌ಮಾಸ್ಟರು ವಿವರಿಸಿದ ಮೇಲೆ ಆಕೆಯ ದನಿ ಬದಲಾಯಿತು. "ಫೋನು ಅವರಿಗೆ ಕೊಡಿ."

ಮೌನಿ ಕೈ ಒರೆಸಿಕೊಂಡು ಫೋನು ಹಿಡಿದರು. ಆಕೆ ಸುತ್ತು ಬಳಸದೆ ಹೇಳಿದಳು. ಮುಂದೆ ಗುಂಡಿ ಇರುವ ನೈಟಿ ತಗೊಳ್ಳಿ, ಹಾಲು ಕುಡಿಸೋಕೆ ಸುಲಭ. ಹೆರಿಗೆ ಆದ ಮೇಲೆ ರಕ್ತ ತುಂಬ ಹೋಗುತ್ತೆ, ದೊಡ್ಡ ಪ್ಯಾಡು ಬೇಕು, ಮಾಮೂಲಿ ಸೈಜು ಸಾಲಲ್ಲ. ಒಳಬಟ್ಟೆ ಸಡಿಲ ಇರಲಿ, ಕಪ್ಪು ಬಣ್ಣದ್ದೇ ಇರಲಿ. ಮಗುವಿನ ಬಟ್ಟೆ ಹೊಸದಾದರೆ ಒಗೆದಿಡಿ. ಮೌನಿ ಪ್ರತಿಯೊಂದಕ್ಕೂ "ಹೂಂ ಅಮ್ಮ" ಎಂದರು. ಎಲ್ಲೂ ಗಂಟಲು ಸರಿಮಾಡಿಕೊಳ್ಳಲಿಲ್ಲ.

ಆ ಮಧ್ಯಾಹ್ನವೇ ಔಷಧಿ ಅಂಗಡಿಗೆ ಹೋಗಿ, ಬ್ಲೇಡು ಕೇಳುವಷ್ಟೇ ಸಹಜವಾಗಿ, "ಹೆರಿಗೆ ಆದೋರಿಗೆ ಹಾಕೋ ದೊಡ್ಡ ಪ್ಯಾಡು ಕೊಡಿ," ಎಂದರು. ಅಂಗಡಿಯ ಹುಡುಗಿ ಅತ್ತಿತ್ತ ನೋಡಿ, ಪೊಟ್ಟಣವನ್ನು ಪೇಪರಿನಲ್ಲಿ ಸುತ್ತಲು ಹೊರಟಳು.

"ಸುತ್ತೋದು ಯಾಕಮ್ಮ? ಬಿಡು, ಹಾಗೇ ಕೊಡು," ಎಂದು ಕೈಯಲ್ಲಿ ಹಿಡಿದುಕೊಂಡು ಬೀದಿಯುದ್ದಕ್ಕೂ ನಡೆದು ಬಂದರು.

ಬ್ಯಾಗು ಹೆಚ್ಚುಕಡಿಮೆ ತುಂಬಿತ್ತು. ಆಗ ಕ್ಷೌರಕ್ಕೆ ಬಂದವರು ನಿವೃತ್ತ ಲೈನ್‌ಮನ್. ಅವರೂ ಮಾತು ಕಡಿಮೆಯ ಮನುಷ್ಯ. ಪ್ರಶ್ನೆ ಕೇಳಿಸಿಕೊಂಡು ಕತ್ತು ಬಗ್ಗಿಸಿದರು. ಕುತ್ತಿಗೆಯ ಹಿಂದೆ ಕತ್ತಿ ಆಡುತ್ತಿರುವಾಗ ಮೆಲ್ಲಗೆ ಹೇಳಿದರು:

"ನಮ್ಮದು ಮೊದಲನೇದು ಉಳೀಲಿಲ್ಲ. ಬ್ಯಾಗ್ ತುಂಬ ಮಗು ಬಟ್ಟೆ, ಮಗು ಟೋಪಿ. ವಾಪಸ್ ಬರೋವಾಗ ಅವಳು ಏನಾದ್ರೂ ಹೊದ್ಕೋಬೇಕು ಅಂತ ಹುಡುಕಿದ್ರೆ ಅದರಲ್ಲಿ ಅವಳಿಗೆ ಅಂತ ಒಂದೂ ಇರಲಿಲ್ಲ. ಎಲ್ಲರೂ ಮಗುಗೇ ಇಡ್ತಾರೆ. ನೀವು ಅವಳಿಗೂ ಏನಾದ್ರೂ ಇಡಿ."

ಮೌನಿ ಕತ್ತಿಯನ್ನು ಕೆಳಗಿಟ್ಟರು. ಆಮೇಲೆ ಅವರ ಕುತ್ತಿಗೆಯನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಎಂದಿಗಿಂತ ಹೆಚ್ಚು ಹೊತ್ತು ಭುಜ ಒತ್ತಿ ಕಳಿಸಿದರು.

ಅಂದು ಸಂಜೆ ಸೊಸೆಯ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದರು, "ಬ್ಯಾಗಿನಲ್ಲಿ ನಿನಗೆ ಅಂತ ಏನಿಡ್ಲಮ್ಮ?"

"ಎಲ್ಲ ಇಟ್ಟಿದ್ದೀರಲ್ಲ ಮಾವ."

"ಅದು ಬೇಕಾಗಿರೋದು. ನಿನಗೆ ಇಷ್ಟ ಆಗೋದು ಕೇಳ್ತಿದ್ದೀನಿ."

ಸೊಸೆ ಅವರ ಕಡೆ ಹೊರಳಿದಳು. ತನ್ನ ಇಷ್ಟವನ್ನು ಯಾರೂ ಹೀಗೆ ನಿಂತು ಕೇಳಿರಲಿಲ್ಲ. ತಲೆಯ ಮೇಲೆ ಕೈಯಾಡಿಸಿಕೊಂಡು ಅಂದಳು, "ಒಂದು ಬಾಚಣಿಗೆ ಇಡಿ. ಮಲಗಿ ಮಲಗಿ ತಲೆ ಹಕ್ಕಿಗೂಡಾಗಿದೆ."

ಆ ಕೂದಲು ಗಂಟುಗಟ್ಟಿದ್ದನ್ನು ಮೌನಿ ವಾರಗಳಿಂದ ನೋಡುತ್ತಲೇ ಇದ್ದರು. ಬೇರೆಯವರ ತಲೆ ನೋಡಿಯೇ ಬದುಕಿದವರ ಕಣ್ಣಿಗೆ ಅದು ಬೀಳದೆ ಇದ್ದೀತೇ? ಆದರೆ ಸೊಸೆಯ ತಲೆಯ ವಿಷಯ ಮಾವನಾದವನು ಎತ್ತುವುದು ಹೇಗೆಂದು ಬಾಯಿ ಬಿಟ್ಟಿರಲಿಲ್ಲ. ಕೆಳಗಿಳಿದು ಅಂಗಡಿಯ ಡ್ರಾಯರಿನಿಂದ ಅಗಲ ಹಲ್ಲಿನ ಹೊಸ ಬಾಚಣಿಗೆಯನ್ನು ತಂದು ಎಲ್ಲಕ್ಕಿಂತ ಮೇಲಿಟ್ಟು ಜಿಪ್ ಎಳೆದರು.

ನೋವು ಬಂದದ್ದು ಒಂದು ಬೆಳಿಗ್ಗೆ, ಅಂಗಡಿ ತೆರೆದ ಹೊತ್ತಿಗೆ. ಬ್ಯಾಂಕಿನ ಗುಮಾಸ್ತರ ಮುಖಕ್ಕೆ ಆಗಷ್ಟೇ ಸೋಪು ಹಚ್ಚಿಯಾಗಿತ್ತು. ಮೇಲಿನಿಂದ ಸೊಸೆ ನೆಲಕ್ಕೆ ಕೋಲಿನಿಂದ ಕುಟ್ಟಿದಳು. ಅದು ಅವರಿಬ್ಬರು ಮಾಡಿಕೊಂಡಿದ್ದ ಸನ್ನೆ. ಮೌನಿ ಕತ್ತಿಯನ್ನು ಮಡಿಸಿಟ್ಟು ಮೆಟ್ಟಿಲ ಕಡೆ ಓಡಿದರು. ಗುಮಾಸ್ತರು ಕೊರಳಿನ ಬಟ್ಟೆಯನ್ನೂ ಬಿಚ್ಚದೆ, ನೊರೆಮುಖದಲ್ಲೇ ಬೀದಿಗಿಳಿದು ಟ್ಯಾಕ್ಸಿಯವನನ್ನು ಕೂಗಿ ಕರೆದರು. ಅವರನ್ನು ಕಂಡು ಒಂದು ನಾಯಿ ಬೊಗಳಿತು. "ನೀವು ಹೋಗಿ, ಅಂಗಡಿ ನಾನು ನೋಡ್ಕೋತೀನಿ," ಎಂದರು. ಬ್ಯಾಂಕಿಗೆ ಅಂದು ಅವರು ಎಷ್ಟು ಹೊತ್ತಿಗೆ ಹೋದರೋ, ಯಾವ ಮುಖ ಹೊತ್ತು ಹೋದರೋ ಯಾರಿಗೂ ಗೊತ್ತಿಲ್ಲ.

ಹೆರಿಗೆ ವಾರ್ಡಿನ ಬಾಗಿಲಲ್ಲಿ ಹಿರಿಯ ನರ್ಸ್ ತಡೆದಳು. "ಒಳಗೆ ಗಂಡಸರನ್ನ ಬಿಡಲ್ಲ. ಜೊತೆಗೆ ಬೇರೆ ಯಾರಿದ್ದಾರೆ?"

"ಬೇರೆ ಯಾರೂ ಇಲ್ಲ."

ನರ್ಸ್ ಅವರನ್ನೂ, ಅವರ ಹೆಗಲ ಮೇಲಿನ ಬ್ಯಾಗನ್ನೂ, ಗೋಡೆ ಹಿಡಿದು ಉಸಿರು ಬಿಗಿಹಿಡಿದಿದ್ದ ಹುಡುಗಿಯನ್ನೂ ನೋಡಿದಳು. "ಪರದೆ ಎಳೆದಿರ್ತೀನಿ. ಸ್ಟೂಲ್ ಮೇಲೆ ಕೂತಿರಿ. ನಾನು ಹೊರಗೆ ಹೋಗಿ ಅಂದಾಗ ಹೋಗಬೇಕು."

ನೋವು ಬರುತ್ತಿತ್ತು, ಹೋಗುತ್ತಿತ್ತು. ಹೆರಿಗೆಗೆ ಇನ್ನೂ ಹೊತ್ತಿದೆ ಎಂದಳು ನರ್ಸ್. ಸೊಸೆಯ ಒಂದು ಕೈಗೆ ಡ್ರಿಪ್ ಹಾಕಿದ್ದರು. ಬೆವರಿಗೆ ಕೂದಲು ಮುಖಕ್ಕೆ, ಕೊರಳಿಗೆ ಅಂಟಿ, ಕೈಯಿಂದ ತಳ್ಳಿದಷ್ಟೂ ಬಾಯಿಗೆ ಬರುತ್ತಿತ್ತು. ಅದಕ್ಕೇ ಅವಳಿಗೆ ಅಳು ಬಂತು. ಅಷ್ಟು ಹೊತ್ತು ನೋವಿಗೆ ಅಳದವಳು ಕೂದಲಿಗೆ ಅತ್ತಳು. ಹಾದುಹೋಗುತ್ತಿದ್ದ ನರ್ಸ್, "ಯಾರಾದ್ರೂ ಆ ಜಡೆ ಬಿಗಿಯಾಗಿ ಹಾಕಿ," ಎಂದು ಇನ್ನೊಂದು ಮಂಚದ ಕಡೆ ಓಡಿದಳು.

ಮೌನಿ ಬ್ಯಾಗಿನ ಜಿಪ್ ತೆಗೆದರು. ಬಾಚಣಿಗೆ ಕೈಗೆ ಬಂತು. "ನಾನು ಹಾಕ್ಲಾಮ್ಮ?"

ಸೊಸೆ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದಳು.

ಗಂಡಸರ ತಲೆಯನ್ನಷ್ಟೇ ಮುಟ್ಟಿದ್ದ ಕೈಗಳು ಅವು. ಆದರೆ ಅವಕ್ಕೆ ಅವಸರವೆಂಬುದು ಗೊತ್ತಿರಲಿಲ್ಲ. ತುದಿಯಿಂದ ಶುರುಮಾಡಿ, ಗಂಟಿನ ಮೇಲ್ಭಾಗವನ್ನು ಬೆರಳಲ್ಲಿ ಒತ್ತಿ ಹಿಡಿದು, ನೆತ್ತಿ ಎಳೆಯದ ಹಾಗೆ ಒಂದೊಂದೇ ಸಿಕ್ಕು ಬಿಡಿಸಿದರು. ನೋವು ಬಂದಾಗ ಬಾಚಣಿಗೆ ನಿಲ್ಲುತ್ತಿತ್ತು, ಹೋದಾಗ ಮುಂದುವರಿಯುತ್ತಿತ್ತು.

"ಮಾವ, ಏನಾದ್ರೂ ಮಾತಾಡಿ," ಎಂದಳು ಅವಳು.

"ಏನು ಮಾತಾಡ್ಲಿ?"

"ಏನಾದ್ರೂ. ಸುಮ್ನಿದ್ರೆ ಭಯ ಆಗುತ್ತೆ."

ಮೌನಿ ಮಾತಾಡಿದರು. ಅವಳ ಗಂಡ ಚಿಕ್ಕವನಿದ್ದಾಗ ಕತ್ತರಿ ಕಂಡರೆ ಹೆದರುತ್ತಿದ್ದದ್ದನ್ನು ಹೇಳಿದರು. "ಒಂದು ಸಲ ಎಡಗಡೆ ಕತ್ತರಿಸಿ ಮುಗಿಸಿದ್ದೆ. ಬಲಗಡೆಗೆ ಬರೋ ಅಷ್ಟರಲ್ಲಿ ಬಟ್ಟೆ ಸಮೇತ ಓಡಿಹೋಗಿ ಬೇಕರಿ ಮೇಜಿನ ಕೆಳಗೆ ಕೂತುಬಿಟ್ಟ. ಒಂದು ವಾರ ಅರ್ಧ ತಲೇಲೇ ಶಾಲೆಗೆ ಹೋದ. ಟೀಚರು ನನ್ನ ಕರೆಸಿ, ಮನೇಲಿ ಯಾರಾದ್ರೂ ಕತ್ತರಿ ಹಿಡಿಯೋಕೆ ಬರೋರು ಇದ್ದಾರಾ ಅಂತ ಕೇಳಿದ್ರು." ಸೊಸೆ ನಕ್ಕಳು, ನಗುವಿನ ನಡುವೆಯೇ ನೋವು ಬಂತು, ಅವರ ಅಂಗಿಯ ತೋಳನ್ನು ಹಿಡಿದು ಹಿಂಡಿದಳು. ನೋವು ಇಳಿದ ಮೇಲೆ "ಆಮೇಲೆ?" ಎಂದಳು. ಆಮೇಲಿನದೂ ಬಂತು. ಅವಳ ಅತ್ತೆಯ ವಿಷಯ ಬಂತು, ಗಂಡಹೆಂಡತಿ ಇಬ್ಬರೂ ಈ ಬೀದಿಗೆ ಬಂದ ಹೊಸದರಲ್ಲಿ ಕೊಡೆಯ ಕೆಳಗೆ ಕುರ್ಚಿ ಹಾಕಿಕೊಂಡು ಅಂಗಡಿ ನಡೆಸಿದ್ದು ಬಂತು. ವರ್ಷಗಳಿಂದ ಕೂಡಿಟ್ಟಂತಿದ್ದ ಮಾತುಗಳು ಒಂದರ ಹಿಂದೆ ಒಂದು ಹೊರಬಂದವು. ಅಷ್ಟರಲ್ಲಿ ಎರಡು ಜಡೆಗಳು ಬಿಗಿಯಾಗಿ, ಸಮನಾಗಿ ಅವಳ ಭುಜದ ಮೇಲೆ ಕೂತಿದ್ದವು.

ಪಕ್ಕದ ಪರದೆ ಸ್ವಲ್ಪ ಸರಿಯಿತು. ತುಂಬು ಹೊಟ್ಟೆಯ ಹೆಂಗಸೊಬ್ಬಳು ಕತ್ತು ಚಾಚಿದಳು. "ಅಂಕಲ್, ನನಗೂ ಒಂದು ಹಾಕಿಕೊಡ್ತೀರಾ? ನಮ್ಮಮ್ಮ ಬರೋದು ಸಂಜೆ ಆಗುತ್ತೆ."

ಮೌನಿ ಸೊಸೆಯ ಮುಖ ನೋಡಿದರು. "ಹೋಗಿ ಮಾವ, ನನಗೆ ಈಗ ಪರವಾಗಿಲ್ಲ," ಎಂದಳು ಅವಳು. ಹಿರಿಯ ನರ್ಸ್ ತಿರುಗಿ ಬರುವ ಹೊತ್ತಿಗೆ ಅಪರಿಚಿತ ಹೆಂಗಸಿನ ಮಂಚದ ಬಳಿ ಸ್ಟೂಲು ಎಳೆದುಕೊಂಡು ಅವರು ಜಡೆ ಹೆಣೆಯುತ್ತಿದ್ದರು. ನರ್ಸ್ ಸ್ಟೂಲನ್ನು ಸುತ್ತುಹಾಕಿಕೊಂಡು ಸೊಸೆಯ ಡ್ರಿಪ್ ನೋಡಲು ಹೋದಳು.

ಮಧ್ಯಾಹ್ನದ ಮೇಲೆ ಅವರನ್ನು ಹೊರಗೆ ಕಳಿಸಿದರು. ಕಾರಿಡಾರಿನ ಬೆಂಚಿನ ಮೇಲೆ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಬಿಸಿಲು ಕಿಟಕಿಯಿಂದ ನೆಲಕ್ಕಿಳಿದು ಎದುರು ಗೋಡೆ ಹತ್ತುವವರೆಗೂ ಕೂತಿದ್ದರು. ಕೊನೆಗೆ ಬಾಗಿಲು ತೆರೆಯಿತು. "ಹೆಣ್ಣು ಮಗು. ತಾಯಿ ಚೆನ್ನಾಗಿದ್ದಾಳೆ. ಬಟ್ಟೆ ಕೊಡಿ," ಎಂದಳು ನರ್ಸ್. ಒಗೆದು ಮಡಿಸಿದ್ದ ಅಂಗಿ, ಟೋಪಿ, ಹೊದಿಕೆ ಅವರ ಕೈಯಿಂದ ಒಂದೊಂದಾಗಿ ಹೋದವು. ಎಲ್ಲ ಕೊಟ್ಟಾದ ಮೇಲೆ ಬಾಚಣಿಗೆಯನ್ನು ಮತ್ತೆ ಎಲ್ಲಕ್ಕಿಂತ ಮೇಲಿಟ್ಟು ಜಿಪ್ ಎಳೆದರು.

ಮನೆಗೆ ಬಂದ ಮರುದಿನ ಬೆಳಿಗ್ಗೆ ಸೊಸೆ ಸ್ನಾನಕ್ಕೆ ಹೊರಟವಳು, ಕೇಳುವುದೋ ಬೇಡವೋ ಎಂದು ತಡೆಯದೆ, ಮಗುವನ್ನು ತಂದು ಅವರ ಮಡಿಲಲ್ಲಿಟ್ಟು ಹೋದಳು. ಮಗು ಬಾಯಿ ಚಪ್ಪರಿಸಿ ನಿದ್ದೆಗೆ ಇಳಿಯಿತು. ಕೆಳಗಿನಿಂದ ಯಾರೋ ಅಂಗಡಿಯ ಬಾಗಿಲು ತಟ್ಟಿ, "ಇವತ್ತು ಇಲ್ವಾ?" ಎಂದು ಕೂಗಿದರು.

ಮೌನಿ ಮಗುವನ್ನು ಎದೆಗಾನಿಸಿಕೊಂಡು ಮೆಲ್ಲಗೆ ಎದ್ದು, ಕಿಟಕಿಯಿಂದ ಬಗ್ಗಿ ತಗ್ಗಿದ ದನಿಯಲ್ಲಿ ಹೇಳಿದರು, "ನಾಳೆ ಬನ್ನಿ. ಕೈಯಲ್ಲಿ ಮಗು ಇದೆ."