ಆರಾಮಾಗಿ ಮನೆಯಲ್ಲಿರುವುದು

ವಿಜಯನಗರದ ಒಂದು ಖಾಸಗಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಿದ್ದೆ. ಅತಿಥಿ ಉಪನ್ಯಾಸಕಿ. ಹೆಸರೇನೋ ಅತಿಥಿ, ಒಂದು ಲೋಟ ನೀರು ಕೊಟ್ಟವರಿಲ್ಲ. ಆದರೂ ಆ ಕೆಲಸ ನನಗೆ ಪ್ರಾಣ. ಗಂಡಸು ಬೆಳಿಗ್ಗೆ ಫ್ಯಾಕ್ಟರಿ ಬಾಗಿಲಲ್ಲಿ ನಿಲ್ಲಬೇಕಾದರೆ ಯಾರೋ ಅವನಿಗೆ ಅಡುಗೆ ಮಾಡಿ, ಬಟ್ಟೆ ಒಗೆದು ಕಳಿಸಿರಬೇಕು, ಆ ದುಡಿಮೆ ಮಾಲೀಕನಿಗೆ ಪುಕ್ಕಟೆ ಎಂದು ಹೇಳುವಾಗ ನನ್ನ ದನಿ ತಾನಾಗಿ ಏರುತ್ತಿತ್ತು. ಹಾಗೆ ದನಿ ಏರಿಸಲು ನನಗೆ ರೊಟ್ಟಿ ಕಟ್ಟಿ ದೀಪಾಂಜಲಿ ನಗರದ ಮನೆಯಿಂದ ಕಳಿಸುತ್ತಿದ್ದವರು ಗದಗ ಕಡೆಯ ನಮ್ಮ ಅತ್ತೆ.

ಕಳೆದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಆದರೂ ಏಳಲಾಗಲಿಲ್ಲ. ಯಾರು ನೋಡಿಕೊಳ್ಳಬೇಕು ಎಂಬ ಮಾತೇ ಮನೆಯಲ್ಲಿ ಬರಲಿಲ್ಲ.

"ನಿಂದು ಹೆಂಗೂ ಪರ್ಮನೆಂಟ್ ಅಲ್ವಲ್ಲ. ಬಿಟ್ಟುಬಿಡು, ಆರಾಮಾಗಿ ಮನೇಲಿರು," ಅಂದರು ನನ್ನವರು.

"ಒಂದು ತಿಂಗಳು ನೀವು ರಜಾ ಹಾಕಿ ನೋಡಿ."

"ಅವ್ವಂಗೆ ನಾನು ಸ್ನಾನ ಮಾಡ್ಸೋಕಾಗುತ್ತೇನೇ?"

ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಹೇಳಿ ಹೇಳಿ ಸಾಕಾಗಿತ್ತು. ಜೂನ್ ಹೊತ್ತಿಗೆ ಮತ್ತೆ ಹೋಗಬಹುದೆಂಬ ಒಂದೇ ಆಸೆಯಲ್ಲಿ ಕೆಲಸ ಬಿಟ್ಟೆ.

ಮಗ್ಗುಲು ಹೊರಳಿಸುವುದು, ಬೆನ್ನಿಗೆ ಪೌಡರ್ ಹಾಕುವುದು, ಗಂಜಿ ಕುಡಿಸುವುದು, ಮತ್ತೆ ಹೊರಳಿಸುವುದು. ಉಚ್ಚೆ ಬಟ್ಟೆಯ ಬಕೆಟ್ ಹಿಡಿದು ಟೆರೇಸಿಗೆ ಹೋದರೆ ಪಕ್ಕದ ಮನೆಯಾಕೆ, "ಈಗ ಆರಾಮಲ್ವಾ ನೀವು? ಕಾಲೇಜಿನ ಓಡಾಟ ತಪ್ತು," ಅಂದರು. ಮೈಯೆಲ್ಲ ಉರಿಯಿತು. ಹಲ್ಲು ಕಿರಿದು ಬಂದೆ. ನಾನು ಪಾಠ ಮಾಡಿದ್ದು ಅಕ್ಷರಕ್ಷರ ನಿಜ. ಆದರೆ ಅದನ್ನು ತಿಳಿದುಕೊಂಡಿದ್ದಕ್ಕೆ ಒಂದು ಬೆಡ್‌ಶೀಟೂ ತಾನಾಗಿ ಒಗೆದುಕೊಳ್ಳಲಿಲ್ಲ.

ಜೂನ್‌ನಲ್ಲಿ ಕಾಲೇಜಿನಿಂದ ಫೋನ್ ಬಂತು. "ನಿಮ್ಮ ಕ್ಲಾಸ್ ಹಂಗೇ ಇದೆ ಮೇಡಂ. ಬರ್ತೀರಾ, ಇಲ್ಲಾ ಬೇರೆಯವರಿಗೆ ಕೊಡ್ಲಾ?"

ಅತ್ತೆಯ ಹಾಸಿಗೆ ಒದ್ದೆಯಾಗಿತ್ತು. ಕೊಟ್ಟುಬಿಡಿ ಅಂದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಮುಖ ತೊಳೆದು ಬಂದು ಬೆಡ್‌ಶೀಟ್ ಎಳೆಯತೊಡಗಿದಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಆರಾಮ ಅದಿಯೇನವಾ?"

ಅವರ ಕಡೆ ಚೆನ್ನಾಗಿದ್ದೀಯಾ ಅಂತ ಕೇಳುವುದೇ ಹಾಗೆ. ದಿನಾ ಕೇಳುತ್ತಿದ್ದರು, ದಿನಾ ಹೇಳುತ್ತಿದ್ದೆ.

"ಆರಾಮ ಇದೀನಿ, ಅತ್ತೆ."

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. "ನಮ್ಮತ್ತಿ ಹಾಸಿಗಿ ಹಿಡಿದಾಗ ನಾನೂ ಹಿಂಗ ಹೇಳ್ತಿದ್ದೆ," ಅಂದರು.